ರಟ್ಟಿಗಂಟಿಸಿದ ಮುಖಗಳು

ತನ್ನ ಮುಖ ಎರಡು ಹೋಳಾಗಿ ನಡುಮನೆಯ ಚಾಪೆಯ ಮೇಲೆ ಬಿದ್ದಿರುವುದನ್ನು ಶಿವರತ್ನಮ್ಮ ಕಂಡದ್ದು ಒಂದು ಸೋಮವಾರ ಬೆಳಿಗ್ಗೆ, ಹಾಲು ಕರೆದುಕೊಂಡು ಕೊಟ್ಟಿಗೆಯಿಂದ ಒಳಗೆ ಬಂದಾಗ. ಹಣೆ, ವಿಭೂತಿ, ಕಣ್ಣು ಒಂದು ತುಂಡಿನಲ್ಲಿ. ಮೂಗಿನಿಂದ ಕೆಳಗಿನದೆಲ್ಲ ಇನ್ನೊಂದರಲ್ಲಿ. ಪಕ್ಕದಲ್ಲಿ ಗಂಡ ಮಹದೇವಯ್ಯನ ಮುಖ, ಅದೂ ಎರಡು ಹೋಳು. ಮಗ ರುದ್ರ, ಮಗಳು ರಾಜಿ, ಕೊಟ್ಟಿಗೆಯ ಎಮ್ಮೆ, ಎಲ್ಲರದೂ ಅದೇ ಗತಿ. ನಡುವೆ ಕಾಲು ಚಾಚಿ ಕುಳಿತಿದ್ದ ಮೊಮ್ಮಗಳು ಪೂರ್ವಿ, ಎಮ್ಮೆಯ ಕೊಂಬನ್ನು ಅಜ್ಜನ ಗದ್ದದ ಮೇಲೆ ಇಟ್ಟು ಸರಿಹೋಗುವುದೇ ಎಂದು ನೋಡುತ್ತಿದ್ದಳು.

"ಏನವ್ವ ಇದು? ನಾವೆಲ್ಲ ಸತ್ತೋದ್ವಿ ಅನ್ಕಂಡಿದ್ದೀಯ?"

ಸೊಸೆ ಸೌಭಾಗ್ಯ ಕೈಯಲ್ಲಿದ್ದ ಕತ್ತರಿ ಕೆಳಗಿಡಲಿಲ್ಲ. "ಜೋಡ್ಸೋ ಆಟ ಅತ್ತೆ. ಕೊಳ್ಳೇಗಾಲದ ಮೇಡಂ ಯೋಳ್ಕೊಟ್ರು. ಮನೇರ ಮುಖ ಜೋಡಿಸ್ತಾ ಅವರವರ ಎಸ್ರು ಯೋಳ್ಬೇಕಂತೆ."

ಪೂರ್ವಿಗೆ ಬರುವ ದೀಪಾವಳಿಗೆ ನಾಲ್ಕು ವರ್ಷ ತುಂಬುತ್ತಿತ್ತು. ಮಾತು ಬಂದಿರಲಿಲ್ಲ. ಬೇಕಾದ್ದರ ಕಡೆಗೆ ಕೈ ಹಿಡಿದು ಎಳೆಯುವಳು, ಸಿಗದಿದ್ದರೆ ಅಳುವಳು, ಅಷ್ಟೇ. ಕೊಳ್ಳೇಗಾಲದಲ್ಲಿ ಮಾತು ಕಲಿಸುವ ಮೇಡಂ ಒಬ್ಬರ ಬಳಿಗೆ ಸೌಭಾಗ್ಯ ಪ್ರತಿ ಬುಧವಾರ ತಮ್ಮೂರು ಮಾಂಬಳ್ಳಿಯಿಂದ ಬಸ್ಸು ಹತ್ತಿ ಮಗುವನ್ನು ಕರೆದೊಯ್ಯುತ್ತಿದ್ದಳು. ಕಿವಿ ಚೆನ್ನಾಗಿದೆ, ಮಾತು ತಡ, ಎಷ್ಟು ತಡವೆಂದು ಈಗಲೇ ಹೇಳಲಾಗದು ಎಂದಿದ್ದರು ಅವರು. ಅಂಗಡಿಯಿಂದ ತಂದ ಜೋಡಿಸುವ ಆಟದಲ್ಲಿ ಜಿರಾಫೆ, ಹಡಗು, ಮಂಜುಗಡ್ಡೆಯ ಮನೆ ಇದ್ದವು. ಮಗು ಅವನ್ನೆಲ್ಲ ಎಲ್ಲಿ ಕಂಡಿತ್ತು? ಡಬ್ಬವನ್ನು ಬೋರಲು ಹಾಕಿ ಎದ್ದು ಹೋಗುತ್ತಿತ್ತು. ಅದಕ್ಕೇ ಸೌಭಾಗ್ಯ ಮೊಬೈಲಿನಲ್ಲಿದ್ದ ಮನೆಯವರ ಫೋಟೋಗಳನ್ನು ಯಳಂದೂರಿನ ಸ್ಟುಡಿಯೋದಲ್ಲಿ ದೊಡ್ಡದಾಗಿ ತೆಗೆಸಿ, ಸೀರೆ ಡಬ್ಬದ ರಟ್ಟಿಗೆ ಮೈದಾ ಅಂಟಿನಿಂದ ಅಂಟಿಸಿ, ರುಬ್ಬುಗುಂಡಿನ ಅಡಿಯಲ್ಲಿ ಒಂದು ದಿನ ಒತ್ತಿಟ್ಟು, ಈಗ ಕತ್ತರಿಸಿದ್ದಳು.

ಡೈರಿಗೆ ಹಾಲು ಹಾಕಿ ಬಂದ ಮಹದೇವಯ್ಯ ಚಾಪೆಯ ಮುಂದೆ ನಿಂತ. ಹಾಲಿನ ಸೊಸೈಟಿಗೆ ಎರಡು ಸಲ ಅಧ್ಯಕ್ಷನಾಗಿದ್ದವನು ಅವನು. ಸೊಸೆ ಆರಿಸಿಕೊಂಡಿದ್ದುದು ಅವನಿಗೆ ಶಾಲು ಹೊದಿಸಿದ ದಿನದ ಫೋಟೋವನ್ನೇ. ಬದುಕಿರುವವರ ಮುಖಕ್ಕೆ ಕತ್ತರಿ ಹಾಕುವ ಮನೆ ಏಳಿಗೆಯಾಗುವುದಿಲ್ಲ ಎಂದು ಗೊಣಗಿ, ತುಂಡುಗಳನ್ನೆಲ್ಲ ಬಾಚಿಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿಬಿಟ್ಟ. ಶಿವರತ್ನಮ್ಮ ತಡೆಯಲಿಲ್ಲ. ಒಳ್ಳೆಯದೇ ಆಯಿತು ಎಂದು ಸೊಸೆಗೆ ಕೇಳುವ ಹಾಗೆ ಹೇಳಿದಳು ಕೂಡ. ಮಗು ಮಾತ್ರ ಮಧ್ಯಾಹ್ನದವರೆಗೂ ಒಬ್ಬೊಬ್ಬರ ಸೆರಗು ಹಿಡಿದು ಬಚ್ಚಲ ಕಡೆಗೆ ಎಳೆಯಿತು. ಯಾರೂ ಬರದಿದ್ದಾಗ ಒಲೆಯ ಮುಂದೆ ಕುಳಿತು ಅತ್ತಿತು.

ಮೂರನೆಯ ದಿನ ಅದೇ ಮುಖಗಳು ಹೊಸ ರಟ್ಟಿನ ಮೇಲೆ ಮತ್ತೆ ಚಾಪೆಗೆ ಬಂದವು.

"ಮೊಬೈಲಲ್ಲಿರೋ ಮುಖ ಸುಡಕಾಗಲ್ಲ ಅತ್ತೆ," ಎಂದಳು ಸೌಭಾಗ್ಯ. "ಮಾವ ಎಷ್ಟು ಸಲ ಸುಡ್ತಾರೋ ಅಷ್ಟು ಸಲ ಮಾಡ್ತೀನಿ."

ಎದುರು ಮಾತಾಡದ ಸೊಸೆಯ ಬಾಯಲ್ಲಿ ಈ ಮಾತು ಕೇಳಿ ಶಿವರತ್ನಮ್ಮನಿಗೆ ಮೈ ಉರಿಯಿತು. ಆ ದಿನ ಸಾರಿಗೆ ಉಪ್ಪು ಜಾಸ್ತಿಯಾಗಿದೆ, ಪಾತ್ರೆಯಲ್ಲಿ ಸಬ್ಬಕ್ಕಿ ಸೊಪ್ಪಿನ ಎಸಳು ಅಂಟಿಕೊಂಡಿದೆ, ಕಸ ಮೂಲೆಯಲ್ಲೇ ಉಳಿದಿದೆ ಎಂದು ಮೂರು ಸಲ ಜಗಳ ತೆಗೆದಳು. ಸೌಭಾಗ್ಯ ಪಾತ್ರೆ ಮತ್ತೆ ತೊಳೆದಳು, ಕಸ ಮತ್ತೆ ಗುಡಿಸಿದಳು, ಸಂಜೆ ಚಾಪೆ ಹಾಸಿ ಮಗುವಿನ ಮುಂದೆ ಕುಳಿತಳು. "ಅಜ್ಜಿ. ಅಜ್ಜಿ ಎಲ್ಲಿ? ಅಜ್ಜಿ ಬಾಯಿ ಎಲ್ಲಿ?" ಎಂದು ನೂರು ಸಲವಾದರೂ ಹೇಳಿದಳು.

ಎಂಟು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಶಿವರತ್ನಮ್ಮ ಅವರೆಕಾಯಿ ಬಿಡಿಸುತ್ತಿದ್ದಾಗ ಪೂರ್ವಿ ಅಜ್ಜಿಯ ಎರಡು ಹೋಳುಗಳನ್ನೂ ತಂದು ಅವಳ ಮಡಿಲಲ್ಲಿಟ್ಟು ತಾನೇ ಜೋಡಿಸಿದಳು. ಆಮೇಲೆ ರಟ್ಟಿನ ಮೇಲಿನ ಮೂಗನ್ನು ಮುಟ್ಟಿ, ಕೈ ಎತ್ತಿ ಶಿವರತ್ನಮ್ಮನ ಮೂಗನ್ನು ಮುಟ್ಟಿದಳು. ಶಿವರತ್ನಮ್ಮ ಸಿಪ್ಪೆ, ಕಾಳು ಎರಡನ್ನೂ ಒಂದೇ ಮೊರಕ್ಕೆ ಹಾಕಿಕೊಂಡು ಕುಳಿತಳು. ಅವತ್ತಿನಿಂದ ಮೈದಾ ಅಂಟನ್ನು ಅವಳೇ ಕಾಯಿಸತೊಡಗಿದಳು. ಸೊಸೆ ಮಾಡುವ ಅಂಟು ಗಂಟುಗಂಟು, ಹುಳ ಬೀಳುತ್ತದೆ, ಚೂರು ಮೈಲುತುತ್ತ ಹಾಕಬೇಕು, ಅದನ್ನು ಮಗುವಿನ ಕೈಗೆ ಸಿಗದಂತೆ ಮೇಲಿಡಬೇಕು ಎಂದು ಬೈದುಕೊಂಡೇ ಮಾಡಿದಳು. ಸೌಭಾಗ್ಯ ಮೈಲುತುತ್ತ ಬೇಡವೇ ಬೇಡ, ಮಗು ರಟ್ಟು ಬಾಯಿಗೆ ಇಟ್ಟುಕೊಳ್ಳುತ್ತದೆ ಎಂದಳು. ಅದಕ್ಕೂ ಒಂದು ಜಗಳವಾಯಿತು. ಕೊನೆಗೆ ಮೈಲುತುತ್ತ ಹಾಕಲಿಲ್ಲ. ಎರಡು ಹೋಳು ಮೂರಾಯಿತು, ಮೂರು ನಾಲ್ಕಾಯಿತು.

ಅಷ್ಟರಲ್ಲಿ ರಾಜಿಗೆ ಹನೂರಿನಿಂದ ಸಂಬಂಧ ಬಂತು. ಹುಡುಗ ಮಲ್ಲಿಕಾರ್ಜುನಸ್ವಾಮಿ, ಹನೂರಿನಲ್ಲಿ ಗೊಬ್ಬರದ ಅಂಗಡಿ, ಮನೆಯಲ್ಲಿ ತಾಯಿ ಮತ್ತು ಅವನು, ಇಬ್ಬರೇ. ಭಾನುವಾರ ಹೆಣ್ಣು ನೋಡಲು ಬರುತ್ತೇವೆ ಎಂದರು. ಗುರುವಾರ ಮುದ್ದೆ ಮುರಿಯುತ್ತಾ ಮಹದೇವಯ್ಯ ಹೆಂಡತಿಗೆ ಹೇಳಿದ: ಸೌಭಾಗ್ಯ ಮಗುವನ್ನು ಕರೆದುಕೊಂಡು ಒಂದು ವಾರ ತವರಿಗೆ ಹೋಗಿಬರಲಿ. ಬಂದವರ ಮುಂದೆ ಮಗು ಹೂಂ ಹೂಂ ಎಂದು ಎಳೆದಾಡಿದರೆ, ಈ ಮನೆಯ ರಕ್ತದಲ್ಲೇ ಏನೋ ಐಬಿದೆ ಎಂದುಕೊಳ್ಳುತ್ತಾರೆ.

ಶಿವರತ್ನಮ್ಮ ಆಗ ಗಂಡನ ಮೇಲೆ ಸಿಟ್ಟಾಗಲಿಲ್ಲ. ಮಗಳ ಮದುವೆ ಎಂಬ ಮಾತು ಎಲ್ಲದರ ಮೇಲೆ ಕುಳಿತಿತ್ತು. ಅವಳೇ ಹೋಗಿ ಸೊಸೆಗೆ, ನಿಮ್ಮವ್ವನಿಗೆ ಮಂಡಿನೋವಂತಲ್ಲ, ನಾಲ್ಕು ದಿನ ಇದ್ದು ನೋಡಿಕೊಂಡು ಬಾ ಎಂದಳು. ಸೌಭಾಗ್ಯಳ ತವರು ಕೊಳ್ಳೇಗಾಲವೇ. ಅತ್ತೆ ತಾನಾಗಿ ಕಳಿಸುತ್ತಿದ್ದಾಳಲ್ಲ ಎಂದು ಅವಳ ಮುಖ ಅರಳಿತು. ದಾರಿಗೆಂದು ಶಿವರತ್ನಮ್ಮ ಹುರಿಗಡಲೆ ಉಂಡೆ ಕಟ್ಟಿಕೊಟ್ಟಳು. ಸೌಭಾಗ್ಯ ಫೋಟೋ ತುಂಡುಗಳನ್ನು ಬಿಸ್ಕತ್ ಡಬ್ಬಕ್ಕೆ ತುಂಬಿಕೊಂಡು ಹೋದಳು.

ಭಾನುವಾರ ಹನೂರಿನವರು ಐದು ಜನ ಬಂದರು. ಉಪ್ಪಿಟ್ಟು, ಕೇಸರಿಬಾತು, ಬಾಳೆಹಣ್ಣು. ಹುಡುಗನ ತಾಯಿ ಗುರುಸಿದ್ದಮ್ಮ ಸರಳ ಹೆಂಗಸು. ಹಿತ್ತಿಲಿಗೆ ಹೋಗಿ ಕೈ ತೊಳೆದು ಬಂದು, ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದಳು. ರಾಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಆಮೇಲೆ ರುದ್ರನ ಕಡೆ ತಿರುಗಿ, ಹೆಂಡತಿ ಎಲ್ಲಿ ಎಂದಳು. ತವರಿಗೆ ಹೋಗಿದ್ದಾಳೆ ಎಂದ ರುದ್ರ.

"ಮಕ್ಕಳೆಷ್ಟಪ್ಪ?"

ರುದ್ರ ಬಾಯಿ ತೆರೆಯುವ ಮೊದಲೇ ಮಹದೇವಯ್ಯ ಹೇಳಿದ. "ಇಲ್ಲ ಕಣಮ್ಮ. ಇನ್ನೂ ಆಗಿಲ್ಲ."

ಎರಡನೆಯ ಸಲ ಬಡಿಸಲು ಉಪ್ಪಿಟ್ಟಿನ ಪಾತ್ರೆ ಹಿಡಿದು ನಿಂತಿದ್ದ ಶಿವರತ್ನಮ್ಮ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. ಮಗುವನ್ನು ಕಣ್ಣಿಗೆ ಬೀಳದಂತೆ ಕಳಿಸಲು ಅವಳು ಒಪ್ಪಿದ್ದಳು. ಮಗುವೇ ಇಲ್ಲ ಎನ್ನಲು ಒಪ್ಪಿರಲಿಲ್ಲ. ಮಗನ ಕಡೆ ನೋಡಿದಳು. ರುದ್ರ ತಟ್ಟೆಯಲ್ಲಿದ್ದ ಕರಿಬೇವನ್ನು ಒಂದೊಂದಾಗಿ ಅಂಚಿಗೆ ಸರಿಸುತ್ತಿದ್ದ. ರಾಜಿ ತಲೆ ತಗ್ಗಿಸಿದ್ದಳು. ಶಿವರತ್ನಮ್ಮ ಬಗ್ಗಿ, ಗುರುಸಿದ್ದಮ್ಮನ ತಟ್ಟೆಗೆ ಉಪ್ಪಿಟ್ಟು ಬಡಿಸಿದಳು.

ಹುಡುಗಿ ಒಪ್ಪಿಗೆಯೆಂದು ಸಂಜೆಯೇ ಫೋನು ಬಂತು. ನಿಶ್ಚಿತಾರ್ಥಕ್ಕೆ ದಿನ ನೋಡುವ ಮಾತಾಯಿತು. ಮಲ್ಲಿಕಾರ್ಜುನಸ್ವಾಮಿ ದಿನಾ ರಾಜಿಗೆ ಫೋನು ಮಾಡತೊಡಗಿದ. ಅವಳು ಹಿತ್ತಿಲ ಕಲ್ಲಿನ ಮೇಲೆ ಕುಳಿತು ನಗುತ್ತಾ ಮಾತಾಡುವಳು. ಸೌಭಾಗ್ಯ ಮಾತ್ರ ವಾರ ಕಳೆದರೂ ಬರಲಿಲ್ಲ. ರುದ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಲಾರದೆ ಹೆಂಡತಿಗೆ ನಡೆದದ್ದನ್ನು ಹೇಳಿಬಿಟ್ಟಿದ್ದ. ಹತ್ತನೆಯ ದಿನ ಅಕ್ಕಿ ಗಿರಣಿಯ ಕೆಲಸಕ್ಕೆ ರಜ ಹಾಕಿ ಅವಳನ್ನು ಕರೆತರಲು ಹೊರಟ. ಜೊತೆಗೆ ಶಿವರತ್ನಮ್ಮನೂ ಹೋದಳು.

ಕೊಳ್ಳೇಗಾಲದ ಆ ಸಣ್ಣ ಮನೆಯಲ್ಲಿ ಸೌಭಾಗ್ಯ ಅತ್ತೆಗೆ ನೀರು ಕೊಟ್ಟಳು, ಮಣೆ ಹಾಕಿದಳು. ಗಂಡನ ಮುಖ ನೋಡಲಿಲ್ಲ.

"ಅತ್ತೆ, ನಮ್ಮವ್ವುಂಗೆ ಮಂಡಿನೋವು ಅಂದ್ರಲ್ಲ. ಅದ್ಕೇ ಕಳ್ಸಿದ್ರ?"

ಶಿವರತ್ನಮ್ಮ ಲೋಟದ ನೀರನ್ನು ಕುಡಿದು ಮುಗಿಸಿದಳು.

"ಇವ್ರು ಅಲ್ಲೇ ಕುಂತಿದ್ರಂತೆ. ನೀವು ಅಲ್ಲೇ ನಿಂತಿದ್ರಂತೆ. ಸತ್ತೋರ ಫೋಟೋನಾದ್ರೂ ಗೋಡೆಗೆ ಆಕಿ ವಿಭೂತಿ ಅಚ್ತೀರಿ. ಬದುಕಿರೋ ಮಗೂನ ಇಲ್ಲ ಅಂದ್ಬುಟ್ರಲ್ಲ."

ರುದ್ರ ಏನೋ ಹೇಳಹೋದ. ಅವಳು ಅವನನ್ನು ದಾಟಿ ಹೋಗಿ, ಒಳಗಿನಿಂದ ಒಂದು ಹೊಸ ರಟ್ಟನ್ನು ತಂದು ಅತ್ತೆಯ ಮುಂದಿಟ್ಟಳು. ಯುಗಾದಿಯ ದಿನ ಮಾಂಬಳ್ಳಿಯ ಮನೆಯ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡ ಫೋಟೋ, ಆರು ತುಂಡು. ಪೂರ್ವಿ ಬಂದು ಕುಳಿತು ಜೋಡಿಸಿದಳು. ನಾಲ್ಕನ್ನು ಸರಿಯಾಗಿ ಇಟ್ಟಳು, ಎರಡನ್ನು ಅದಲುಬದಲು ಮಾಡಿದಳು.

"ನೋಡ್ಕಳಿ. ಮಾವನೂ ಅವ್ರೆ ಇದ್ರಲ್ಲಿ. ನಾನು ಯಾರ್ನೂ ತೆಗೀಲಿಲ್ಲ," ಎಂದಳು ಸೌಭಾಗ್ಯ. ಆಮೇಲೆ ಗಂಡನಿಗೆ, ಅವನ ಕಡೆ ತಿರುಗದೆಯೇ, ತಾನು ಬರುವುದಿಲ್ಲ ಎಂದಳು. ಇಲ್ಲ ಎಂದ ಬಾಯಲ್ಲಿ ಇದೆ ಎಂದು ಬರುವವರೆಗೂ ಬರುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ತಾಯಿ ಮಗ ಒಂದೇ ಸೀಟಿನಲ್ಲಿ ಕುಳಿತರು. ಶಿವರತ್ನಮ್ಮನಿಗೆ ಸೊಸೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟೇ ಹುಡುಕಿದರೂ ಕಾರಣ ಸಿಗಲಿಲ್ಲ. ಸಿಟ್ಟೆಲ್ಲ ಹೋಗಿ ಹೋಗಿ ಗಂಡನ ಮೇಲೆ ನಿಲ್ಲುತ್ತಿತ್ತು, ಅಲ್ಲಿಂದ ತಿರುಗಿ ತನ್ನ ಮೇಲೇ ಬರುತ್ತಿತ್ತು. ಬಸ್ಸು ಅಗರದ ಊರು ದಾಟುವಾಗ ಮಗನ ಕಡೆ ತಿರುಗಿ, ನಿನ್ನ ಬಾಯಿಗೆ ಏನಾಗಿತ್ತು ಎಂದು ಕೇಳಿದಳು. ಮೂವತ್ತು ವರ್ಷದಿಂದ ಅಪ್ಪ ಮಾತಾಡುವಾಗ ಸುಮ್ಮನಿರು ಅಂತ ಕಲಿಸಿದವಳು ನೀನೇ ಅಲ್ಲವಾ ಎಂದ ರುದ್ರ.

ಮಧ್ಯಾಹ್ನ ಮಹದೇವಯ್ಯ ಕೈಕಾಲು ತೊಳೆದು ಊಟಕ್ಕೆ ಕುಳಿತ. ಹುರುಳಿ ಸಾರು ಕುದಿಯುತ್ತಿತ್ತು, ಮುದ್ದೆ ಕಟ್ಟಿಟ್ಟಿತ್ತು. ಶಿವರತ್ನಮ್ಮ ಮಗನಿಗೆ ಇಟ್ಟಳು, ಮಗಳಿಗೆ ಇಟ್ಟಳು, ತನಗೂ ಇಟ್ಟುಕೊಂಡು ಕುಳಿತಳು. ಗಂಡನ ತಟ್ಟೆ ಬರಿದಾಗಿತ್ತು.

"ಏನಮ್ಮಿ, ನಂಗೆ?"

"ಮೊಮ್ಮಗ್ಳಿಲ್ಲ ಅಂದ ಬಾಯ್ಗೆ ನನ್ನ ಕೈ ಮುದ್ದೆ ಇಲ್ಲ."

ಮದುವೆಯಾಗಿ ಮೂವತ್ತಮೂರು ವರ್ಷದಲ್ಲಿ ಅವಳು ಅವನಿಗೆ ಈ ಬಗೆಯಲ್ಲಿ ಹೇಳಿದ್ದು ಇದೇ ಮೊದಲು. ಮಹದೇವಯ್ಯ ತಟ್ಟೆಯನ್ನು ತಳ್ಳಿ ಎದ್ದ. ಯಾರಿಗಾಗಿ ಹೇಳಿದ್ದು, ನಿನ್ನ ಮಗಳಿಗಾಗಿ ತಾನೆ ಎಂದು ಕೂಗಾಡಿದ. ನಾಳೆ ಅವಳು ಹನೂರಿಗೆ ಹೋದ ಮೇಲೆ ನಿಧಾನವಾಗಿ ಹೇಳಿದರಾಯಿತು, ಅವರೇನು ಹೆಣ್ಣನ್ನು ವಾಪಸು ಕಳಿಸುತ್ತಾರಾ ಎಂದ. ಶಿವರತ್ನಮ್ಮ ತುತ್ತು ನುಂಗಿ, ಹನೂರೇನು ಸಮುದ್ರದಾಚೆ ಇಲ್ಲ, ಈ ಊರಿನ ಹತ್ತು ಜನ ವಾರಕ್ಕೊಂದು ಸಲ ಅಲ್ಲಿಗೆ ಹೋಗಿ ಬರುತ್ತಾರೆ, ಇವತ್ತೇ ಫೋನು ಮಾಡಿ ನಿಜ ಹೇಳಿ ಎಂದಳು. ಅವನು ಮಾಡಲಿಲ್ಲ. ಬಸ್‌ಸ್ಟಾಪಿನ ಹೋಟೆಲಿನಲ್ಲಿ ಬೋಂಡ ತಿಂದು ಬಂದ. ಮಾರನೆಯ ದಿನವೂ ಹಾಗೇ. ಮೂರನೆಯ ದಿನ ರಾಜಿ ತಡೆಯಲಾರದೆ ತಾನೇ ಅಪ್ಪನಿಗೆ ಬಡಿಸಿದಳು. ಶಿವರತ್ನಮ್ಮ ಒಲೆಯ ಕಡೆ ತಿರುಗಿ ಕುಳಿತಳು.

ನಾಲ್ಕನೆಯ ದಿನ ಅವಳು ಯಾರಿಗೂ ಹೇಳದೆ ಸೀರೆ ಬದಲಿಸಿ ಕೊಳ್ಳೇಗಾಲದ ಬಸ್ಸು ಹತ್ತಿದಳು. ಅಲ್ಲಿ ಇಳಿದು ಹನೂರಿನ ಬಸ್ಸು ಹಿಡಿದಳು. ಒಬ್ಬಳೇ ಅಷ್ಟು ದೂರ ಹೋದವಳಲ್ಲ. ಹನೂರಿನಲ್ಲಿ ಗೊಬ್ಬರದ ಅಂಗಡಿಯನ್ನು ಕೇಳಿಕೊಂಡು ಹೋದಾಗ ಮಲ್ಲಿಕಾರ್ಜುನಸ್ವಾಮಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು, ಅಂಗಡಿಯ ಹಿಂಬದಿಯ ಮನೆಗೆ ಕರೆದುಕೊಂಡು ಹೋದ. ಗುರುಸಿದ್ದಮ್ಮ ಮಜ್ಜಿಗೆ ತಂದಳು. ಶಿವರತ್ನಮ್ಮ ಲೋಟವನ್ನು ಮುಟ್ಟಲಿಲ್ಲ.

"ನನ್ನ ಮಗನ್ಗೆ ಮಗು ಅದೆ ಕಣಕ್ಕ. ಎಣ್ಮಗು. ನಾಕು ವರ್ಸ ತುಂಬ್ತಾ ಅದೆ, ಮಾತು ಬಂದಿಲ್ಲ. ನಮ್ಮ ಯಜಮಾನ್ರು ಇಲ್ಲ ಅಂದ್ರು. ನಾನು ಉಪ್ಪಿಟ್ಟು ಬಡುಸ್ತಾ ಸುಮ್ನಿದ್ದೆ. ಅದ ಯೋಳ್ಬುಟ್ಟು ಓಗವ ಅಂತ ಬಂದೆ."

ಗುರುಸಿದ್ದಮ್ಮ ಎದುರಿಗೆ ಬಂದು ಕುಳಿತಳು. ಆವತ್ತು ಹಿತ್ತಿಲಲ್ಲಿ ಕೈ ತೊಳೆಯುವಾಗ ತಂತಿಯ ಮೇಲೆ ಪುಟ್ಟ ಫ್ರಾಕೊಂದು ಒಣಗುತ್ತಿದ್ದುದನ್ನು ಕಂಡಿದ್ದೆ, ಪಕ್ಕದ ಮನೆಯವರದಿರಬೇಕು ಅಂದುಕೊಂಡೆ ಎಂದಳು.

"ಮಾತು ಬರ್ದಿರದು ನಮ್ಗೇನೂ ಅಲ್ಲ ಕಣವ್ವ. ಆದ್ರೆ ನಾಳೆ ನನ್ನ ಸೊಸೆಗೆ ಉಟ್ಟೋ ಮಗೀಗೆ ಒಂದು ಕಾಲು ಊನ ಆಯ್ತು ಅನ್ಕಳಿ. ಆ ತಾತ ಅದ್ನೂ ಇಲ್ಲ ಅಂತಾರಲ್ಲ."

ಶಿವರತ್ನಮ್ಮ ಸೆರಗು ಹೊದ್ದು ಎದ್ದಳು. ಬಂದು ಹೇಳಿದ್ದು ಒಳ್ಳೆಯದಾಯಿತು, ಯೋಚಿಸಿ ತಿಳಿಸುತ್ತೇವೆ ಎಂದು ಗುರುಸಿದ್ದಮ್ಮ ಬಸ್‌ಸ್ಟ್ಯಾಂಡಿನವರೆಗೂ ಬಂದು ಕಳಿಸಿದಳು. ಐದು ದಿನಕ್ಕೆ ತಿಳಿಸಿದರು. ಬೇಡ.

ಮಹದೇವಯ್ಯ ಹೆಂಡತಿಯ ಮೇಲೆ ಹರಿಹಾಯ್ದ. ಹೆತ್ತ ಮಗಳ ಕತ್ತು ಕೊಯ್ದವಳು ಎಂದ. ಅದನ್ನು ಶಿವರತ್ನಮ್ಮ ತಡೆದುಕೊಂಡಳು; ಅವನ ಮಾತಿಗೆ ಎರಡು ಮಾತು ತಿರುಗಿಸಿ ಕೊಡುವ ಶಕ್ತಿ ಈಗ ಅವಳಿಗೆ ಬಂದಿತ್ತು. ತಡೆಯಲಾಗದೆ ಹೋದದ್ದು ರಾಜಿಯ ಮಾತು. ಎರಡು ದಿನ ಊಟ ಬಿಟ್ಟು ಮಲಗಿದ್ದ ಹುಡುಗಿ ಮೂರನೆಯ ದಿನ ಬೆಳಿಗ್ಗೆ ಎದ್ದು, ತಾಯಿ ರಾಗಿ ಕೇರುತ್ತಿದ್ದಲ್ಲಿಗೆ ಬಂದು ನಿಂತಳು.

"ನನ್ನ ಒಂದು ಮಾತು ಕೇಳ್ದೆ ಓದ್ಯಲ್ಲವ್ವ. ನಾನೇ ಅವ್ರಿಗೆ ಫೋನಲ್ಲಿ ಯೋಳನ ಅಂತಿದ್ದೆ. ದಿನಾ ಧೈರ್ಯ ತಕತಿದ್ದೆ. ಅಪ್ಪ ಆ ಮಗೂನ ಇಲ್ಲ ಅಂದ್ರು. ನೀನು ನನ್ನೇ ಇಲ್ಲ ಅನ್ನಂಗೆ ಮಾಡ್ದೆ."

ಶಿವರತ್ನಮ್ಮ ಮೊರವನ್ನು ಕೆಳಗಿಟ್ಟಳು. ಮಗಳು ಹೇಳಿದ್ದರಲ್ಲಿ ಸುಳ್ಳು ಎನ್ನಲು ಏನೂ ಇರಲಿಲ್ಲ. ಆ ಸಂಜೆಯೇ ರಾಜಿ ಎರಡು ಜೊತೆ ಬಟ್ಟೆ ತೆಗೆದುಕೊಂಡು ಕೊಳ್ಳೇಗಾಲಕ್ಕೆ, ಅತ್ತಿಗೆಯ ಬಳಿಗೆ ಹೊರಟುಹೋದಳು. ಮರುದಿನ ರುದ್ರನೂ ಗಿರಣಿಯಿಂದ ಮನೆಗೆ ಬಾರದೆ ನೇರವಾಗಿ ಅಲ್ಲಿಗೇ ಹೋದ.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಹನ್ನೆರಡು ದಿನ. ಅವಳು ತನ್ನಷ್ಟಕ್ಕೆ ತಂಗಳು ತಿಂದಳು. ಅವನು ತನ್ನಷ್ಟಕ್ಕೆ ಅನ್ನ ಸೀಯಿಸಿಕೊಂಡು ಉಪ್ಪಿನಕಾಯಿಯಲ್ಲಿ ಉಂಡ. ಡೈರಿಯಲ್ಲಿ ಜನ ಕೇಳತೊಡಗಿದರು. ಹನೂರಿನವರು ಏಕೆ ಬಿಟ್ಟರೆಂಬುದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಒಂದು ಬೆಳಿಗ್ಗೆ ಯಾರೋ, ಏನು ಅಧ್ಯಕ್ಷರೇ, ಮನೆಯಲ್ಲಿ ಮಕ್ಕಳೇ ಇಲ್ಲವಂತೆ ಎಂದರಂತೆ. ಅವನು ಹಾಲಿನ ಕ್ಯಾನನ್ನು ಅಲ್ಲೇ ಬಿಟ್ಟು ಬಂದ. ಜಗಲಿಯ ಮೇಲೆ ಕುಳಿತು, ರುದ್ರನಿಗೆ ಫೋನು ಮಾಡಿ ಬರಹೇಳು ಎಂದು ಹೆಂಡತಿಗೆ ಹೇಳಿದ. ನೀವೇ ಮಾಡಿ ಎಂದಳು ಅವಳು. ಅವನು ಮಾಡಿದ.

ಬಂದವರು ನಾಲ್ವರೂ ಒಟ್ಟಿಗೇ ಬಂದರು. ಸೌಭಾಗ್ಯ ಹೊಸಿಲಲ್ಲೇ ನಿಂತು ಮಾವನಿಗೆ ಕೇಳುವಂತೆ ತನ್ನ ಮಾತು ಹೇಳಿದಳು: ಇನ್ನು ಯಾರೇ ಬಂದರೂ ಮಗು ನಡುಮನೆಯಲ್ಲೇ ಇರುತ್ತದೆ, ಅದರ ಚಾಪೆ, ಅದರ ತುಂಡುಗಳು ಅಲ್ಲೇ ಇರುತ್ತವೆ. ಕೇಳಿದವರಿಗೆ ಮಾವನೇ ಉತ್ತರ ಹೇಳಬೇಕು. ರಾಜಿ, ಇದು ನನ್ನ ಮಾತೂ ಹೌದು ಎಂದಳು. ಮಹದೇವಯ್ಯ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ರಾಜಿ ತಾಯಿಯ ಜೊತೆ ಇನ್ನೂ ಹತ್ತು ದಿನ ಅಗತ್ಯವಿದ್ದಷ್ಟು ಮಾತ್ರ ಮಾತಾಡಿದಳು.

ಸಂತೆಮರಹಳ್ಳಿಯಿಂದ ಇನ್ನೊಂದು ಸಂಬಂಧ ಬಂದದ್ದು ತಿಂಗಳಾದ ಮೇಲೆ. ನಡುಮನೆಯಲ್ಲಿ ಬಂದವರು ಕುರ್ಚಿಯ ಮೇಲೆ ಕುಳಿತರು. ಅವರ ಕಾಲ ಬಳಿಯೇ ಪೂರ್ವಿ ಚಾಪೆಯ ಮೇಲೆ. ಅವಳ ಸೋದರತ್ತೆ ರಾಜಿಯ ಮುಖ ಈಗ ಎಂಟು ತುಂಡಾಗಿತ್ತು. ಪೂರ್ವಿ ಒಂದನ್ನು ಎತ್ತಿಕೊಂಡು ಹೋಗಿ ಹುಡುಗನ ಸೋದರಮಾವನ ಮೊಣಕಾಲಿನ ಮೇಲಿಟ್ಟು, ಆತನ ಬೆರಳು ಹಿಡಿದು ಚಾಪೆಯ ಕಡೆಗೆ ಎಳೆದಳು.

"ಏನು ಬೇಕು ಪುಟ್ಟ? ಮಾತಾಡಲ್ವ?" ಎಂದ ಆತ ನಕ್ಕು ತಲೆಯೆತ್ತಿದ. "ಯಾರ ಮಗು ಇದು?"

ರುದ್ರ ಬಾಯಿ ತೆರೆದ. ಬಾಗಿಲ ಬಳಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ಶಿವರತ್ನಮ್ಮ ಅವನನ್ನು ದಿಟ್ಟಿಸಿ ನೋಡಿದಳು; ಅವನು ಸುಮ್ಮನಾದ. ಅಡುಗೆಮನೆಯಲ್ಲಿ ಸೌಭಾಗ್ಯಳ ಪಾತ್ರೆಯ ಸದ್ದು ನಿಂತಿತು.

"ನನ್ನ ಮೊಮ್ಮಗ್ಳು," ಎಂದ ಮಹದೇವಯ್ಯ. ಅವನ ದನಿ ಗಡುಸಾಗಿತ್ತು. "ಮಾತು ಬಂದಿಲ್ಲ. ಬಂದಾಗ ಬತ್ತದೆ. ಅದು ಇಷ್ಟ ಇಲ್ದೋರು ಈಗ್ಲೇ ಎದ್ದೋಗಬೋದು."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ. ಸೋದರಮಾವ ಬೆಪ್ಪಾಗಿ, ತಾನು ಸುಮ್ಮನೆ ಕೇಳಿದ್ದು ಎಂದ. ಆಮೇಲೆ ಮಗುವಿನ ಎಳೆತಕ್ಕೆ ಸೋತು ಕುರ್ಚಿಯಿಂದಿಳಿದು ಚಾಪೆಯ ಅಂಚಿನಲ್ಲಿ ಕುಳಿತ.

ಶಿವರತ್ನಮ್ಮನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮಗುವೇ ಇಲ್ಲ ಎಂದು ಮೊದಲು ಕೈಬಿಟ್ಟವನು ಇವನೇ, ಈಗ ಬಂದವರ ಮೇಲೆ ಸಿಡುಕುತ್ತಾನೆ ಎಂದುಕೊಂಡಳು. ಈ ಐದಾರು ಮಾತನ್ನು ಆವತ್ತೇ ಆಡಿದ್ದರೆ ಹಿತ್ತಿಲ ಕಲ್ಲಿನ ಮೇಲೆ ಕುಳಿತು ನಗುತ್ತಿದ್ದ ಹುಡುಗಿ ಇವತ್ತು ಮತ್ತೊಮ್ಮೆ ಸೀರೆ ಉಟ್ಟು ಒಳಗೆ ಕಾಯಬೇಕಿರಲಿಲ್ಲ. ಬಂದವರಿಗೆಲ್ಲ ಒಂದೊಂದು ಲೋಟ ಕಾಫಿಯನ್ನು ನಯವಾಗಿ ಕೊಟ್ಟಳು. ಕೊನೆಯ ಲೋಟವನ್ನು ಗಂಡನ ಮುಂದೆ ಕುಕ್ಕಿದಳು. ಕಾಫಿ ತುಳುಕಿ ಅವನ ಬಿಳಿ ಪಂಚೆಯ ಮೇಲೆ ಬಿತ್ತು. ಮಹದೇವಯ್ಯ ಅಂಗೈಯಿಂದ ಅದನ್ನು ಒರೆಸಿಕೊಂಡ.